ಕೈಯಾರೆ ಕೇಳಿದರೆ

ಮಾಲ್ದಾರೆಯ ತೋಟದಲ್ಲಿ ಸಿಲ್ವರ್ ಓಕಿನ ಸೊಂಟಕ್ಕೆ
ತಂತಿ ಬಿಗಿದು ಕಟ್ಟಿದ್ದ ಪೆಟ್ಟಿಗೆ
ಈಗ ಸಿದ್ದಾಪುರದಲ್ಲಿ, ನನ್ನ ಮೇಜಿನ ಮೇಲೆ.
ಒಳಗೆ ಇರುವೆ, ಮೆಣಸು ಬಳ್ಳಿಯ ಒಂದೆಳೆ ಬೇರು.
ಆನೆ ಬಂದರೆ ಕೂಗಬೇಕಾದದ್ದು
ಮೂರು ರಾತ್ರಿಯಿಂದ ಮೂಕ.

ಹೊಸ ತಂತ್ರಾಂಶ ಪೆನ್ ಡ್ರೈವಿನಲ್ಲಿದೆ.
ಚುಚ್ಚಿ ಕರೆಂಟು ಕೊಟ್ಟರೆ
ಬೂಟ್‌ಲೋಡರ್ ತಾನಾಗಿ ಎತ್ತಿಕೊಳ್ಳಬೇಕು.
ಕೊಟ್ಟೆ.
ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ:
ಸ್ಟೋರೇಜ್ ಸಿಗಲಿಲ್ಲ. ಮೌಂಟ್ ಆಗಲಿಲ್ಲ.
ಆಮೇಲೆ ಹಳೆಯದನ್ನು ತಡಕಿ,
ಹಳೆಯದು ಕೆಟ್ಟಿರುವುದು ಕಂಡು,
ಮತ್ತೆ ಮೊದಲಿನಿಂದ.

ನಡುವೆ ತಡೆದು ನಿಲ್ಲಿಸಿ
ಅದೇ ಆಜ್ಞೆಗಳನ್ನು ಅದೇ ಕ್ರಮದಲ್ಲಿ ನಾನೇ ಒತ್ತಿದರೆ
(ಯುಎಸ್‌ಬಿ ಎಬ್ಬಿಸು, ಮೊದಲ ಭಾಗ ತೆರೆ, ಪಟ್ಟಿ ತೋರಿಸು)
ತೋರಿಸುತ್ತದೆ!
ಕಡತದ ಹೆಸರು, ಗಾತ್ರ, ತಾರೀಕು ಸಮೇತ,
ನೆಂಟರ ಮುಂದೆ ಮಗ್ಗಿ ಒಪ್ಪಿಸುವ ಮಗುವಿನ ಹಾಗೆ.

ಡ್ರೈವು ಬದಲಿಸಿದೆ, ನಾಲ್ಕು.
ಒಂದರಲ್ಲಿ ಪಾಲಿಬೆಟ್ಟದ ಯಾರದೋ ಮದುವೆ, ವಾಲಗದ ಸದ್ದಿನೊಂದಿಗೆ;
ಅಳಿಸಲು ಮನಸ್ಸಾಗದೆ ಬದಿಗಿಟ್ಟೆ.
ಉಳಿದವನ್ನು ಫಾರ್ಮ್ಯಾಟ್ ಮಾಡಿದೆ.
ಜಾಕಿನ ನಾಲಿಗೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ.
ಕೇಬಲ್ಲಿಗೆ ಬೈದೆ.

ಬೊಳಕ ಹೊಸ್ತಿಲ ಮೇಲೆ ಕೂತಿದ್ದ.
ಇವತ್ತಿನ ಕಾವಲು ಅವನದು.
ಲೈನ್ ಮನೆಗಳ ಹಿಂದೆ ಹಲಸು ಹಣ್ಣಾಗಿದೆ,
ವಾಸನೆ ಹಾಡಿಯ ತನಕ ಹೋಗಿದೆ.
ಪೆಟ್ಟಿಗೆ ಇಲ್ಲವೆಂದರೆ ಅವನಿಗೆ ಒಂದು ಟಾರ್ಚು, ಎರಡು ಪಟಾಕಿ.
"ಆಯ್ತಾ ಅಕ್ಕ?" ಎಂದು ಕೇಳಿ ಕೇಳಿ ಸಾಕಾಗಿ
ಕೊನೆಗೆ ನಕ್ಕ:
"ನೀವು ಒತ್ತುವ ಒಂದೊಂದು ಅಕ್ಷರಕ್ಕೆ
ಒಂದೊಂದು ಬೀಡಿ ಸೇದಿ ಮುಗಿಸಬಹುದು."

ಬಲಗೈಯ ಎರಡು ಬೆರಳಿಗೆ ಪಟ್ಟಿ,
ಸಾಲ್ಡರಿಂಗ್ ಕಡ್ಡಿ ಸುಟ್ಟದ್ದು.
ಎಡಗೈಯಲ್ಲಿ ಹುಡುಕಿ ಹುಡುಕಿ ಒತ್ತುತ್ತಿದ್ದೆ.
ಸಿಟ್ಟಿನಿಂದ ಬಾಯಿ ತೆರೆದವಳು
ಹಾಗೇ ಮುಚ್ಚಿದೆ.

ಕರೆಂಟು ತಾಗಿದ ಮೇಲೂ
ಡ್ರೈವಿಗೆ ಎಚ್ಚರವಾಗಲು ಒಂದಿಷ್ಟು ಹೊತ್ತು ಬೇಕು.
ಪೆಟ್ಟಿಗೆಗೆ ಆ ಪುರುಸೊತ್ತಿಲ್ಲ.
ಎಬ್ಬಿಸಿದ ಉಸಿರಿನಲ್ಲೇ "ಯಾರಿದ್ದೀರಿ?" ಎನ್ನುತ್ತದೆ,
ಅದೇ ಉಸಿರಿನಲ್ಲಿ
ಯಾರೂ ಇಲ್ಲವೆಂದು ಬರೆದುಕೊಂಡು ಹೊರಟುಹೋಗುತ್ತದೆ.
ಒಳಗಿನದು ಕಣ್ಣುಜ್ಜಿ "ಇದ್ದೇನೆ" ಎನ್ನುವಾಗ
ಅಂಗಳ ಖಾಲಿ.

ನಾನು ಒತ್ತಿದಾಗ ಸಿಕ್ಕದ್ದು ಏಕೆಂದರೆ
ನನ್ನ ಬೆರಳು ಸುಟ್ಟಿತ್ತು.
ಇದು ಯಾವ ಕೈಪಿಡಿಯಲ್ಲೂ ಇಲ್ಲ.

ಎರಡು ಆಜ್ಞೆಗಳ ಸಂದಿಯಲ್ಲಿ ಒಂದು ಸಾಲು ತುರುಕಿದೆ:
ಕಾಯು, ಎರಡು ಸೆಕೆಂಡು.
ಆಮೇಲೆ ಅನುಮಾನ ಬಂದು ಮೂರು ಮಾಡಿದೆ.
ಹತ್ತು ಸಲ ಆರಿಸಿ ಹಚ್ಚಿದೆ, ಹತ್ತು ಸಲವೂ ಎದ್ದಿತು.
ಹನ್ನೊಂದನೆಯ ಸಲ ಪರೀಕ್ಷಿಸುವ ಧೈರ್ಯ ಮಾಡಲಿಲ್ಲ.

ಗೋಣಿಚೀಲದಲ್ಲಿ ಸುತ್ತಿ ಬೆನ್ನಿಗೇರಿಸಿಕೊಂಡ ಬೊಳಕ
ಮೆಟ್ಟಿಲಿನಲ್ಲಿ ತಿರುಗಿ ನಿಂತ:
"ಆನೆ ಬಂದಾಗಲೂ ಮೂರು ಸೆಕೆಂಡು ಕಾಯುತ್ತದಾ ಇದು?"
"ಇಲ್ಲಪ್ಪ, ಏಳುವಾಗ ಮಾತ್ರ."

ತಲೆಯಾಡಿಸಿದ.
ಪಟಾಕಿ ಜೇಬಿನಲ್ಲಿದೆಯೇ ಎಂದು
ಮುಟ್ಟಿ ನೋಡಿಕೊಂಡ.