ವಜಾ

ತರೀಕೆರೆಯ ಹೊರಗೆ, ಗುಜರಿ ಇನಾಯತನ ಅಂಗಳದಲ್ಲಿ
ತೂಕದ ಚೀಟಿ ಬರೆಯುವವಳು ನಾನು.
ಒಟ್ಟು ತೂಕ, ಲಾರಿ ತೂಕ, ವಜಾ, ನಿವ್ವಳ:
ಎಂಥ ಯಂತ್ರವಾದರೂ ನಾಲ್ಕು ಕಾಲಮ್ಮಿನಲ್ಲಿ ಮುಗಿಯುತ್ತದೆ.

ಮೊನ್ನೆ ಬಂದದ್ದು ಕೆಮ್ಮಣ್ಣುಗುಂಡಿಯ ತೊಟ್ಟಿಲುಗಳು.
ಮಗುವಿನದಲ್ಲ.
ತಂತಿಗೆ ಜೋತು, ಅದಿರು ಹೊತ್ತು
ಕಣಿವೆ ದಾಟುತ್ತಿದ್ದ ಕಬ್ಬಿಣದ ಬಾನಿಗಳು.
ಹನ್ನೊಂದು. ಒಂದಕ್ಕೆ ತಳವಿಲ್ಲ,
ಒಂದರೊಳಗೆ ಕಣಜದ ಹಳೇ ಗೂಡು.

ಇನಾಯತ್ ಸುತ್ತಿಗೆಯಲ್ಲಿ ಬಡಿದು ನೋಡಿದ.
ಒಳಗೆ ಇಂಚು ದಪ್ಪ ಕಚ್ಚಿಕೊಂಡ ಕೆಂಪು.
"ಬರ್ಕೊಳಮ್ಮ, ಮಣ್ಣಿಗೆ ತಲಾ ಒಂಬತ್ತು ಕೆಜಿ ವಜಾ."
ತಳವಿಲ್ಲದ್ದಕ್ಕೂ ಸೇರಿಸಿ.

ಆಗ ಗೇಟಿನ ಹತ್ತಿರ ಕೆಮ್ಮಿದವನು ಮದಲೈಮುತ್ತು,
ಲಾರಿಯ ಹಿಂದೆಯೇ ಬಸ್ಸು ಹಿಡಿದು ಬಂದವನು,
ಮೂವತ್ತೊಂದು ವರ್ಷ ಗಾಲಿಗಳಿಗೆ ಗ್ರೀಸು ತಿನ್ನಿಸಿದವನು.
"ಮಣ್ಣಲ್ಲ ಸಾಬ್ರೇ, ಅದಿರು.
ಅದಕ್ಕೇ ಅಲ್ವಾ ಕಂಬ ನೆಟ್ಟಿದ್ದು, ತಂತಿ ಎಳೆದಿದ್ದು,
ನಮ್ಮಪ್ಪನ್ನ ಸೇಲಂನಿಂದ ಕರೆಸಿದ್ದು?"

"ಕುಲುಮೆಯವರು ಇದಕ್ಕೆ ದುಡ್ಡು ಕೊಡ್ತಾರಾ?"
ಮುದುಕ ಯೋಚಿಸಿದ. ನಿಜವಾಗಿಯೂ ಯೋಚಿಸಿದ.
"ಮೊದಲು ಕೊಡ್ತಿದ್ರು."

ಟೀ ಬಂತು.
ತುಂಬಿದ ತೊಟ್ಟಿಲು ಮಾತಾಡೋದಿಲ್ಲ, ಅಂದ,
ಖಾಲಿದು ದಾರಿಯುದ್ದಕ್ಕೂ ಹರಟೆ.
ನಲವತ್ತೇಳನೇ ನಂಬರಿಂದು ಮಾತ್ರ ತುಂಬಿದ್ರೂ ಅರಚೋದು.
ರಾತ್ರಿ ಪಾಳೀಲಿ ಗಡಿಯಾರ ಬೇಕಿರಲಿಲ್ಲ.

ಭದ್ರಾವತಿಯ ಕುಲುಮೆ ನೋಡಿದ್ದೀರಾ, ಕೇಳಿದೆ.
ಒಂದೇ ಸಲ, ವಜಾ ಆದ ವಾರ,
ಗೇಟಿನ ಹೊರಗಿಂದ. ಒಳಗೆ ಬಿಡಲಿಲ್ಲ.
ಆಕಾಶ ಕೆಂಪಗಿತ್ತು.
ನಮ್ಮ ಗುಡ್ಡಾನ ಯಾರೋ ಮೇಲಕ್ಕೆ ತೂರಿದ ಹಾಗೆ.

ನಲವತ್ತೇಳು ಇದರಲ್ಲಿದೆಯಾ?
ನಂಬರಿನ ಬಣ್ಣ ಎಂದೋ ಉದುರಿತ್ತು.
ಕಿವಿಯ ತೂತಿಗೆ ಬೆರಳು ಹಾಕಿ ತಡವುತ್ತಾ ಹೋದ,
ಇದಲ್ಲ. ಇದೂ ಅಲ್ಲ.
ಏಳನೆಯದರ ಹತ್ತಿರ ನಿಂತ. ಏನೂ ಹೇಳಲಿಲ್ಲ.
ಬೆರಳನ್ನು ಪಂಚೆಗೆ ಒರೆಸಿಕೊಂಡ.

ಕ್ರೇನು ಎತ್ತುವಾಗ ಏಳನೆಯದು ಅರಚಿತು.
ಎಲ್ಲವೂ ಅರಚಿದವು ಅನ್ನಿ,
ತುಕ್ಕು.

ಲಾರಿ ಹಿಂದೂಪುರಕ್ಕೆ, ಕರೆಂಟಿನ ಕುಲುಮೆಗೆ.
ಅಷ್ಟು ವರ್ಷ ಬೆಂಕಿಗೆ ಉಣ್ಣಿಸಿ
ಒಮ್ಮೆಯೂ ಬೆಂಕಿ ಕಾಣದ ತೊಟ್ಟಿಲುಗಳು.

ವಜಾ ಕಾಲಮ್ಮಿನಲ್ಲಿ ಹತ್ತು ಸಲ ಒಂಬತ್ತು ಬರೆದೆ,
ಏಳನೆಯ ಸಾಲಿಗೆ ಬರೀ ಗೆರೆ ಎಳೆದೆ.
ಇನಾಯತ್ ಗೆರೆ ನೋಡಿದ, ನನ್ನ ನೋಡಿದ,
ಪೆನ್ನು ಇಸಿದುಕೊಂಡು ಸಹಿ ಹಾಕಿದ.

ಒಂಬತ್ತು ಕೆಜಿ ಕೆಮ್ಮಣ್ಣು,
ಕಬ್ಬಿಣದ ದರದಲ್ಲಿ.