ಜೋನಿಬೆಲ್ಲದ ಬಾಬ್ತು

ಟೇಪಿನ ಹರಿದ ತುದಿ ನನ್ನ ಕೈಲಿತ್ತು,
ಅಂಗನವಾಡಿಯ ಗೇಟಿಗೆ ಒತ್ತಿ ಹಿಡಿದಿದ್ದೆ.
ಬಿಲ್ ಕಲೆಕ್ಟರ್ ತೀರ್ಥಪ್ಪ ಸುರುಳಿ ಬಿಚ್ಚುತ್ತ
ಭುಜಂಗ ಶೇಟರ ಅಂಗಡಿಯತ್ತ ನಡೆದ.
ಮೂವತ್ತು ಮೀಟರಿನ ಟೇಪು;
ಮೂರು ಸಲ ಎಳೆದು, ಮಿಕ್ಕಿದ್ದಕ್ಕೆ ಮತ್ತೊಮ್ಮೆ.
ನೂರು ಮೀಟರು, ಮೇಲೆ ನಲವತ್ತು ಸೆಂಟಿಮೀಟರು.
‘ನೂರು ದಾಟ್ತು’ ಎಂದ,
ಹಸು ಈದ ಸುದ್ದಿ ತಂದವನ ಹಾಗೆ.

ಚರಂಡಿ ಕಾಮಗಾರಿಯ ವರ್ಷ ಕಿತ್ತುಹೋದ ಆ ಟೇಪು
ಶುರುವಾಗುವುದೇ ಇಪ್ಪತ್ತೆರಡರಿಂದ.
ನಾಲ್ಕು ಸಲ ಇಪ್ಪತ್ತೆರಡು ಎಷ್ಟಾಗುತ್ತದೆಂದು
ನೀರುಗಂಟಿಗೂ ಲೆಕ್ಕ ಬರುತ್ತದೆ.

ಸುಮ್ಮನಿದ್ದೆ.
ಶೇಟರ ಉದ್ದ ಪುಸ್ತಕದಲ್ಲಿ ನನಗೂ ಒಂದು ಪುಟವಿದೆ.
ಗೋಧಿಹಿಟ್ಟು, ಬೆಂಕಿಪೊಟ್ಟಣ, ಸೀಗೆಪುಡಿ,
ನಡುನಡುವೆ ಅವರ ಮುದ್ದಾದ ಅಕ್ಷರದಲ್ಲಿ
‘ಜೋನಿಬೆಲ್ಲ, ಕಾಲು’
‘ಜೋನಿಬೆಲ್ಲ, ಕಾಲು’
ಸಂಬಳವಾದ ದಿನ ‘ಅರ್ಧ’.
ಅಕ್ಕಿಮೂಟೆಯ ಹಿಂದಿನಿಂದ ಬರುವ ಬೆಲ್ಲ ಅದು.

ಸಭೆ ಹನ್ನೊಂದಕ್ಕೆ ಅಂತ, ಸೇರಿದ್ದು ಹನ್ನೆರಡೂವರೆಗೆ.
ವಿಷಯ ಸಂಖ್ಯೆ ಏಳು:
ಮದ್ಯ ಮಾರಾಟಕ್ಕೆ ನಿರಾಕ್ಷೇಪಣಾ ಪತ್ರ ಕೋರಿ ಬಂದ ಅರ್ಜಿ.
ಆರನೆಯದು ಬೀದಿನಾಯಿ, ಎಂಟನೆಯದು ಸ್ಮಶಾನದ ಬೇಲಿ.

ಶೇಟರು ಇಸ್ತ್ರಿ ಅಂಗಿ ಹಾಕಿ ಬಂದಿದ್ದರು. ಮಾತು ಹದವಾಗಿತ್ತು:
‘ಕುಡಿಯೋರು ಕುಡೀತಾರೆ ಸ್ವಾಮಿ.
ಆನವಟ್ಟಿಗೆ ಹೋಗಿ ಕುಡಿದು ಬೈಕ್ ಹತ್ತುತಾರೆ.
ಇಲ್ಲೇ ಸಿಕ್ಕರೆ ನಡಕೊಂಡು ಮನೆ ಸೇರ್ತಾರೆ.’
ಅದು ಸುಳ್ಳೂ ಅಲ್ಲ.
ಹೋದ ಮಾಘದಲ್ಲಿ ಮೋರಿಗೆ ಬಿದ್ದ ಕೆರಿಯಪ್ಪನ ಹೆಸರು
ಯಾರೂ ಎತ್ತಲಿಲ್ಲ; ಅವನ ತಮ್ಮ ಕೂತಿದ್ದ
ಕುರ್ಚಿಯೊಂದನ್ನು ಬಿಟ್ಟು ಬೇರೆಲ್ಲ ಕಡೆ ನೋಡಿದರು.
ಕೊಲ್ಲೂರಯ್ಯ ವರಮಾನದ ಅಂಕಿ ಕೇಳಿ
ಬೀದಿದೀಪದ ಬಾಕಿಯಲ್ಲಿ ಕಳೆದು ನೋಡಿದರು.
‘ಕಾನೂನು ಪ್ರಕಾರ ನೂರು ದಾಟಿದೆಯಲ್ಲ’
ಅಂದರು ಅಧ್ಯಕ್ಷ ಹುಚ್ಚರಾಯಪ್ಪ.

ಪಿಡಿಒ ಮೇಡಂ ಪೆನ್ನಿನ ಮುಚ್ಚಳ ತೆಗೆದದ್ದೇ
ನಾಲ್ಕನೇ ವಾರ್ಡಿನ ಗುತ್ಯಮ್ಮ ಎದ್ದಳು.
ಮೂರು ವರ್ಷದಲ್ಲಿ ಅವಳು ಎದ್ದದ್ದು
ಬಸ್ಸಿನ ಹೊತ್ತಾಯ್ತೆಂದು ಮಾತ್ರ.

‘ಶೇಟ್ರೇ, ಹೋದ ತಿಂಗಳು ನಮ್ಮನಿಗೆ
ಇಪ್ಪತ್ತಾರು ಸಲ ಜೋನಿಬೆಲ್ಲ ಬಂದೈತೆ.
ತೀರಿಸಿದೋಳು ನಾನೇ, ಹಾಲಿನ ಬಟವಾಡೆಲಿ.
ಕಡುಬು ಬೇಯಿಸಿಲ್ಲ, ದೋಸೆಗೆ ಬಡಿಸಿಲ್ಲ.
ಅದೆಂಥ ಬೆಲ್ಲನೋ ಏನೋ,
ನಮ್ಮನೆ ಕಡೆಗೆ ಒಂದ್ ಇರುವೆನೂ ಬಂದಿಲ್ಲ.’

ಫಕ್ಕನೆ ನಕ್ಕರು ಅಧ್ಯಕ್ಷರು.
ನಗು ಅರ್ಧಕ್ಕೇ ನಿಂತಿತು, ತಮ್ಮ ಪುಟ ನೆನಪಾಗಿರಬೇಕು.
ಫ್ಯಾನು ತಿರುಗುತ್ತಿತ್ತು.
ಶೇಟರು ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡರು.
‘ಅಳತೆ ಸರಿಯಿದೆಯಾ?’ ಮೇಡಂ ನನ್ನತ್ತ ತಿರುಗಿದರು.
ಎಂಬತ್ತೆಂಟು ಎಂಬುದು ಬಾಯಿಗೆ ಬಂತು, ನುಂಗಿದೆ.
‘ಟೇಪು ಹರಿದಿದೆ ಮೇಡಂ’ ಅಂದೆ, ಅಷ್ಟೇ.

ಠರಾವು: ಹೊಸ ಟೇಪು ಖರೀದಿಸತಕ್ಕದ್ದು,
ಅದಕ್ಕೆ ಮೂರು ದರಪಟ್ಟಿ ಕರೆಯತಕ್ಕದ್ದು,
ಅಲ್ಲಿಯವರೆಗೆ ಅರ್ಜಿಯನ್ನು ಮುಂದೂಡತಕ್ಕದ್ದು.
ಸ್ಮಶಾನದ ಬೇಲಿ ಎರಡು ನಿಮಿಷದಲ್ಲಿ ಮುಗಿಯಿತು.

ಸಂಜೆ ಮೇಲಿನಕೇರಿಗೆ ನೀರು ತಿರುಗಿಸಿ ಬರುವಾಗ
ಅಂಗಡಿಯೊಳಗೆ ಎಂದಿನ ಬಲ್ಬು.
ಶೇಟರು ಏನೂ ಕೇಳದೆ ಅಕ್ಕಿಮೂಟೆಯತ್ತ ಕೈ ಚಾಚಿದರು.
‘ಅದಲ್ಲ’ ಅಂದೆ. ‘ಜೋನಿಬೆಲ್ಲ.’
‘ಯಾವ್ದು?’
‘ಜೋನಿಬೆಲ್ಲ.’
ಬಹಳ ಹೊತ್ತು ನನ್ನನ್ನೇ ನೋಡಿ, ಅಟ್ಟದ ಡಬ್ಬ ಇಳಿಸಿ,
ತೊಳೆದ ಹಳೇ ಬಾಟಲಿಗೆ ನಿಧಾನ ಸುರಿದುಕೊಟ್ಟರು.
ಬರೆಯಬೇಡಿ ಎಂದು ನೋಟು ಇಟ್ಟೆ.

ಮನೆಯಲ್ಲಿ ಅವಳು ಬಾಟಲಿ ನೋಡಿ ಮಾತಾಡಲಿಲ್ಲ.
ಮುಚ್ಚಳ ಬಿಚ್ಚಿ ಮೂಸಿದಳು.
ಇನ್ನೊಮ್ಮೆ ಮೂಸಿದಳು.