ಮೊದಲ ಹಿಡಿ

ಮಂಡಕ್ಕಿ ಭಟ್ಟಿಯಲ್ಲಿ ಮೊದಲ ಹಿಡಿ ಲೆಕ್ಕಕ್ಕಿಲ್ಲ.
ಕಾದ ಮರಳಿಗೆ ಒಂದು ಮುಷ್ಟಿ ಅಕ್ಕಿ ಎರಚಿ
ಅಬ್ಬಾ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ:
ಅರಳಿತೋ, ಸೀದಿತೋ, ಸುಮ್ಮನೆ ಬಿತ್ತೋ.
ಅದಕ್ಕೆ ಕಂಟ್ರೋಲ್ ಅನ್ನುತ್ತಾರೆಂದು ಗೊತ್ತಾದದ್ದು
ಎಷ್ಟೋ ವರ್ಷ ಕಳೆದು, ಎಂಎಸ್ಸಿ ಪ್ರಾಕ್ಟಿಕಲ್ಲಿನಲ್ಲಿ.

ಆಮೇಲೆ ಏಣಿ. ಮೆಟ್ಟಿಲೆಲ್ಲ ಬಾಡಿಗೆಯವು.
ಜೂನಿಯರ್ ಫೆಲೋ. ಸೀನಿಯರ್ ಫೆಲೋ.
ಐದು ವರ್ಷದ ಪಿಎಚ್‌ಡಿ ಏಳಾಯಿತು,
ಗೈಡ್ ನಿವೃತ್ತರಾದರು,
ಒಂದು ರಾತ್ರಿ ಫ್ರೀಜರ್ ಕೆಟ್ಟು
ಎರಡು ವರ್ಷದ ಜೀವಕೋಶ ನೀರಾಯಿತು.
ಅತ್ತದ್ದು ಮೂರು ನಿಮಿಷ. ಟೈಮರ್ ಕೈಯಲ್ಲೇ ಇತ್ತು.

ಹನ್ನೊಂದು ಹೆಸರಿನ ಪ್ರಬಂಧದಲ್ಲಿ ನನ್ನದು ಏಳನೆಯದು,
ಜೈಬುನ್ನಿಸಾ ಸವೆದು ಬರೀ ಒಂದು ಇಂಗ್ಲಿಷ್ ಝಡ್.
ಅಮ್ಮಿ ಅದರ ಮೇಲೆ ಬೆರಳಿಟ್ಟು ಅಂದಳು:
"ಒಲಿ ಮುಂದೆ ಕುಕ್ಕರಗಾಲಲ್ಲಿ ಕುಂತ ಹೆಂಗಸಿನಂಗೈತಲ್ಲ."

ಈಗ ದಾವಣಗೆರೆಗೇ ಬಂದಿದ್ದೇನೆ,
ಕಾಲೇಜೊಂದರ ಮೂರನೇ ಮಹಡಿ.
ಹನ್ನೊಂದು ತಿಂಗಳ ಕರಾರು, ಒಂದು ದಿನ ಖಾಲಿ, ಮತ್ತೆ ಹನ್ನೊಂದು.
ವಯಸ್ಸು ನಲವತ್ತೊಂದು. ಅರ್ಜಿಯಲ್ಲಿ
"ಯುವ ವಿಜ್ಞಾನಿ" ಕಾಲಂ ಮುಚ್ಚಿದೆ,
"ಹಿರಿಯ" ಕಾಲಂ ಇನ್ನೂ ತೆರೆದಿಲ್ಲ.
ಇನ್‌ಕ್ಯುಬೇಟರಿನಲ್ಲಿ ಮೂವತ್ತೇಳು ಡಿಗ್ರಿ;
ಭಟ್ಟಿಯ ಮಗಳಿಗೆ ಅದು ಆರಿದ ಒಲೆ.

ಗಾಜಿನ ತೆಳು ಪಟ್ಟಿ. ಯಾರದೋ ಶ್ವಾಸಕೋಶ.
ಹೆಸರಿಲ್ಲ, ನಂಬರ್ ಇದೆ.
ವೃತ್ತಿ: ಭಟ್ಟಿ, ಇಪ್ಪತ್ತೆಂಟು ವರ್ಷ.
ಗಾಳಿಗೂಡುಗಳ ಗೋಡೆ ಹರಿದು
ಒಂದರೊಳಗೊಂದು ಸೇರಿ, ಉಬ್ಬಿ,
ಮುರಿದು ನೋಡಿದ ಮಂಡಕ್ಕಿಯ ಒಳಗಿನ ಹಾಗೆ.
ಎಷ್ಟು ಹಗುರ.
ನಡುನಡುವೆ ಸುಟ್ಟ ಟೈರಿನ ಕಪ್ಪು.

ಒಂದು ಓಣಿಯ ಕೆಮ್ಮಿಗೆ ಇಷ್ಟು ದುಡ್ಡೇಕೆ,
ಸಮಿತಿ ಕೇಳಿತು, ಬಹಳ ಮರ್ಯಾದೆಯಿಂದ.
ಉತ್ತರ ಇತ್ತು. ಹನ್ನೆರಡು ಸ್ಲೈಡಿನಷ್ಟು ಇತ್ತು.
ಬಾಯಿ ತೆರೆದರೆ ನಾಲಿಗೆಯ ಮೇಲೆ
ಹುರಿಯುವ ಮುಂಚೆ ಅಕ್ಕಿಗೆ ಬೆರೆಸುವ ಉಪ್ಪಿನ ರುಚಿ.

ಸಂಜೆ ಅಬ್ಬಾ ಸ್ಪೈರೋಮೀಟರಿಗೆ ಊದುತ್ತಾನೆ.
ಅಧ್ಯಯನಕ್ಕೆ ಸೇರಿಸುವ ಹಾಗಿಲ್ಲ ಅವನನ್ನು,
ರಕ್ತ ಸಂಬಂಧಿ. ನಿಯಮ ನಾನೇ ಬರೆದದ್ದು.
ಸುಮ್ಮನೆ, ಯಂತ್ರ ಸರಿ ಇದೆಯೋ ನೋಡಲು.
ಗೆರೆ ತುಸು ಏರಿ, ಕೂತುಬಿಡುತ್ತದೆ.
"ಪಾಸಾದ್ನಾ?" ಅನ್ನುತ್ತಾನೆ, ಉಸಿರು ಹುಡುಕುತ್ತ.
ಮೊದಲ ಹಿಡಿ ಅಬ್ಬಾ, ಲೆಕ್ಕಕ್ಕಿಲ್ಲ.
ಇನ್ನೊಂದು ಸಲ ಊದು.